ಮಾದೇವಕ್ಕನ ಕಾಯಿ, ಮ್ಯಾನೇಜರರ ನಾಯಿ

ಮಳೆಗಾಲದಲ್ಲಿ ಸಮುದ್ರವನ್ನು ಮುಚ್ಚಿಡುತ್ತಾರೆ ಎಂದು ನಾನು ನಂಬಿದ್ದೆ. ಹುಬ್ಬಳ್ಳಿಯ ಔಷಧ ಗೋದಾಮಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಸಂದೀಪ ಅಂಕೋಲೆಯವನು. ‘ಈಗ ಕಡಲು ಬಂದ್ ಮಾರಾಯಾ, ಇನ್ ತೆಗಿಯೂದು ನೂಲಹುಣ್ಣಿಮೆಗೇ’ ಎಂದು ಅವನೊಮ್ಮೆ ಹೇಳಿದ. ನಾನು ನವಲಗುಂದದ ಕಡೆಯವನು. ನಾನು ಕಂಡ ದೊಡ್ಡ ನೀರೆಂದರೆ ಕಾಲುವೆ. ಅದಕ್ಕೆ ಗೇಟು ಇತ್ತು, ಗೇಟಿಗೊಬ್ಬ ಮನುಷ್ಯನಿದ್ದ. ಸಮುದ್ರಕ್ಕೂ ಅಂಥದೇ ಏನೋ ಏರ್ಪಾಟು ಇರಬೇಕೆಂದುಕೊಂಡು ಕಾರವಾರದ ಒಂದು ಲಾಡ್ಜಿಗೆ ಫೋನ್ ಮಾಡಿ, ‘ಹುಣ್ಣಿಮಿ ದಿನ ಎಷ್ಟ ಗಂಟೇಕ ತೆಗೀತಾರ್ರಿ?’ ಎಂದು ಕೇಳಿದೆ. ‘ಇಪ್ಪತ್ನಾಕು ತಾಸೂ ತೆರ್ದೇ ಇರ್ತದೆ’ ಎಂದರು. ಅವರು ಲಾಡ್ಜಿನ ಮಾತು ಹೇಳಿದ್ದರು. ಬಂದ್ ಆಗಿದ್ದದ್ದು ಮೀನುಗಾರಿಕೆ ಎಂದು ತಿಳಿಯುವ ಹೊತ್ತಿಗೆ ನಾನು ರಜೆ ಚೀಟಿ ಬರೆದಾಗಿತ್ತು.

ಅದು 2008ರ ಆಗಸ್ಟ್. ಹದಿನೈದು ಶುಕ್ರವಾರ, ಹದಿನಾರಕ್ಕೆ ಹುಣ್ಣಿಮೆ, ಮರುದಿನ ಭಾನುವಾರ. ನಡುವಿನ ಶನಿವಾರ ರಜೆ ಕೊಡಲು ಮ್ಯಾನೇಜರರು ಒಂದು ಷರತ್ತು ಹಾಕಿದರು. ಅವರು ಸಂಸಾರ ಸಮೇತ ತಿರುಪತಿಗೆ ಹೊರಟಿದ್ದರು, ಮನೆಯ ಲ್ಯಾಬ್ರಡಾರ್ ನಾಯಿಯನ್ನು ನೋಡಿಕೊಳ್ಳುವವರು ಇರಲಿಲ್ಲ. ‘ನೀವೂ ಒಬ್ರ ಹೊಂಟೀರಿ, ಅದಕ್ಕೂ ಮನ್ಯಾಗ ಬ್ಯಾಸರಾಗೇತಿ’ ಎಂದು ಹಗ್ಗ ಕೈಗಿಟ್ಟರು. ನಾಯಿಯ ಹೆಸರು ಮೇಜರ್. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಟಿಕೆಟ್ ಹರಿದರು, ಅದು ಕಿಟಕಿ ಪಕ್ಕ ಕೂತಿತು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವವರೆಗೆ ನಾನು ಅದರ ಬಿಸ್ಕತ್ತಿನ ಚೀಲ ಹಿಡಿದು ನಿಂತಿದ್ದೆ. ಟಿಕೆಟ್ ನನಗೂ ಇತ್ತು. ಆದರೆ ನಮ್ಮಿಬ್ಬರಲ್ಲಿ ಗುರುಗುಟ್ಟಲು ಬರುತ್ತಿದ್ದದ್ದು ಅದಕ್ಕೊಂದೇ.

ಕಾರವಾರದ ಲಾಡ್ಜಿನವರು ಮೇಜರನ್ನು ಕಂಡು ಇಪ್ಪತ್ನಾಲ್ಕು ತಾಸಿನ ಬಾಗಿಲು ಹಾಕಿಕೊಂಡರು. ಸಂದೀಪನಿಗೆ ಫೋನ್ ಮಾಡಿದೆ. ‘ವಾಪಸ್ ಅಂಕೋಲೆಗೆ ಬಂದು ಕೇಣಿಗೆ ಹೋಗು. ದಂಡೆ ಮೇಲೆ ಮಾದೇವಕ್ಕನ ಮನೆ ಯಾವ್ದು ಕೇಳು. ಅವ್ಳು ಬೈದ್ರೆ ಸುಮ್ನೆ ನಿತ್ಕಾ, ಆಮೇಲೆ ಊಟಾ ಹಾಕ್ತಳೆ’ ಎಂದ.

ಮಾದೇವಕ್ಕ ಬಾಗಿಲಲ್ಲೇ ನಿಂತು ನನ್ನನ್ನೂ ನಾಯಿಯನ್ನೂ ನೋಡಿದಳು. ಐವತ್ತರ ಹೆಂಗಸು. ತಲೆಯ ಮೇಲೆ ಬುಟ್ಟಿ ಇಲ್ಲದಾಗಲೂ ಕತ್ತು ಅಲುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡುವ ರೂಢಿ.

‘ಮೀನು ತಿಂತ್ಯಾ ತಮಾ?’

‘ಇಲ್ರಿ ಅಕ್ಕಾರ. ನಾಯಿ ತಿಂತೈತ್ರಿ.’

‘ಹಂಗಾರೆ ನಾಯಿ ಒಳಗೆ ಬರ್ಲಿ. ನೀನು ಕಾಲು ತೊಳ್ಕಂಡು ಬಾ.’

ಇಪ್ಪತ್ತೆರಡು ವರ್ಷ ಅವಳು ಬೆಳಗಿನ ಟೆಂಪೋ ಹಿಡಿದು ಅಮದಳ್ಳಿ, ಬಿಣಗಾ, ಹಬ್ಬುವಾಡದ ಮನೆಗಳಿಗೆ ಮೀನು ಮಾರಿದವಳು. ಹಬ್ಬುವಾಡದಲ್ಲಿ ಯಾರು ಸೋಮವಾರ ಉಪವಾಸವೆಂದು ಹೇಳಿ ಹಿತ್ತಲ ಬಾಗಿಲಿಂದ ಬಂಗಡೆ ಒಳಗೆ ತೆಗೆದುಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತು. ಯಾರಿಗೂ ಹೇಳುವುದಿಲ್ಲ, ನನಗೆ ಹೇಳಿದಾಗಲೂ ಹೆಸರು ನುಂಗಿದಳು. ಬಿಣಗಾದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ದಿಲ್ಲಿ ಕಡೆಯ ಒಬ್ಬ ಅಮ್ಮ ತಲೆ ತೆಗೆದ ಮೀನು ಮಾತ್ರ ಬೇಕೆಂದಾಗ, ‘ಮುಖ ನೋಡ್ದೆ ಹ್ಯಾಂಗೆ ತಕಂತ್ರಿ? ಮದ್ವಿನೂ ಹಂಗೇ ಆದ್ರಾ?’ ಎಂದು ಬುಟ್ಟಿ ಎತ್ತಿಕೊಂಡು ಬಂದಿದ್ದಳಂತೆ. ಆ ಅಮ್ಮನಿಗೆ ಕನ್ನಡ ಬರುತ್ತಿರಲಿಲ್ಲ, ಬುಟ್ಟಿ ಹೋದದ್ದಷ್ಟೇ ಅರ್ಥವಾಯಿತು. ಮರುದಿನದಿಂದ ತಲೆಸಮೇತ ಕೊಂಡರು.

ಗಂಡ ಹೊನ್ನಣ್ಣನ ವಂಶದಲ್ಲಿ ಎಲ್ಲರೂ ಕಡಲಿಗೆ ಇಳಿದವರೇ. ಹೊನ್ನಣ್ಣನೊಬ್ಬನಿಗೆ ದೋಣಿ ಹತ್ತಿದರೆ ವಾಂತಿ. ‘ಗಂಡು ತೋರ್ಸುಕೆ ಬಂದಾಗ ದಂಡೆ ಮೇಲೆ ನಿಲ್ಸಿ ತೋರ್ಸಿದ್ರು. ಚೆಂದ ಕಾಣ್ತಿದ್ದ’ ಎಂದು ಅವಳು ಅವನೆದುರೇ ಹೇಳಿದಳು. ಬಲೆ ಹೊಲಿಯುತ್ತಿದ್ದ ಹೊನ್ನಣ್ಣ ಒಪ್ಪಿಗೆಯೆಂಬಂತೆ ತಲೆ ಆಡಿಸಿದ.

ಆ ವರ್ಷ ಮಾದೇವಕ್ಕ ಒಂದು ಹಳೆಯ ದೋಣಿ ಕೊಂಡಿದ್ದಳು. ಹಸಿರು ಬಣ್ಣ ಹೊಡೆಸಿದ್ದಳು. ಬೇರೆಯವರ ದೋಣಿ ಬರುವುದನ್ನು ಕಾದು ಉಳಿದದ್ದನ್ನು ಬುಟ್ಟಿಗೆ ತುಂಬಿಕೊಂಡದ್ದು ಸಾಕು, ಇನ್ನು ತನ್ನ ದೋಣಿಯ ಮೀನು ತಾನೇ ಮಾರಬೇಕು ಎಂಬುದು ಅವಳ ಹಟ. ‘ಬುಟ್ಟಿ ಹೊರೂಳು ದೋಣಿ ಇಳಸ್ತಳಂತೆ’ ಎಂದು ಊರು ಆಡಿಕೊಂಡಿತ್ತು. ದೋಣಿ ನಡೆಸುವ ತಾಂಡೇಲ ತುಳಸಿದಾಸ, ಅವನ ಜೊತೆಗೆ ಕಾಶಿ, ಇನ್ನಿಬ್ಬರು. ಬೇಲೇಕೇರಿಯ ದೊಡ್ಡ ದೋಣಿಯವರು ಈ ನಾಲ್ವರನ್ನೂ ಕರೆಯುತ್ತಲೇ ಇದ್ದರು. ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ಮರುದಿನ ಇವಳ ದೋಣಿ ಇಳಿದರೆ ಇಳಿಯಿತು. ಇಲ್ಲದಿದ್ದರೆ ಅವರು ಅತ್ತ ಹೋಗುತ್ತಾರೆ, ಹಸಿರು ದೋಣಿ ವರ್ಷವಿಡೀ ದಂಡೆಯ ಮೇಲೆ ಮಳೆ ತುಂಬಿಕೊಂಡು ಕೂರುತ್ತದೆ.

ಇಷ್ಟೆಲ್ಲ ಕೇಳಿಯೂ ನಾನು ಮಾಡಿದ್ದೇನೆಂದರೆ, ಶನಿವಾರ ಬೆಳಗ್ಗೆ ಬೇಸರ ಕಳೆಯಲು ಅವಳ ಹಿತ್ತಲಿನ ತೆಂಗಿನ ಸಿಪ್ಪೆಗಳನ್ನು ಒಂದೊಂದಾಗಿ ನೀರಿಗೆ ಎಸೆದದ್ದು. ಪ್ರವಾಸಿಗಳಿಲ್ಲದ ದಂಡೆ, ಜಿಟಿಜಿಟಿ ಮಳೆ, ಒದ್ದೆ ಅಂಗಿ. ಇದನ್ನೇ ರಜೆ ಎಂದುಕೊಳ್ಳಬೇಕಿತ್ತು. ಮೇಜರ್ ತೆರೆ ಸೀಳಿಕೊಂಡು ಹೋಗಿ ಪ್ರತಿ ಸಿಪ್ಪೆಯನ್ನೂ ತಂದು ಪಾದದ ಬಳಿ ಇಟ್ಟಿತು. ಪ್ರತಿ ಸಲವೂ ನಾನು ಬಿಸ್ಕತ್ತು ಕೊಟ್ಟು, ‘ಶಾಣ್ಯಾ’ ಎಂದೆ. ಜೀವಮಾನದಲ್ಲಿ ನನ್ನ ಮಾತು ಕೇಳಿದ ಮೊದಲ ಜೀವ ಅದು.

ಮಧ್ಯಾಹ್ನ ಪೂಜೆ. ನಾಯಿಯನ್ನು ದೂರದ ತೆಂಗಿನ ಮರಕ್ಕೆ ಹಗ್ಗದಲ್ಲಿ ಕಟ್ಟಿದೆ. ಗೋದಾಮಿನಲ್ಲಿ ಔಷಧದ ಡಬ್ಬಿಗಳಿಗೆ ಹಾಕುವ ಗಂಟನ್ನೇ ಹಾಕಿದೆ. ಹೊನ್ನಣ್ಣ ಅದನ್ನು ನೋಡಿ, ‘ಅಡ್ಡಿಲ್ಲ. ನಾಯಿ ಎಳೀದೆ ಇದ್ರೆ ನಿಲ್ತದೆ’ ಎಂದ.

ದೋಣಿಯ ಮೂತಿಗೆ ಅರಿಸಿನ ಕುಂಕುಮ, ಹೂವಿನ ಮಾಲೆ. ತುಳಸಿದಾಸ ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡು ಸೊಂಟದವರೆಗೆ ನೀರಿಗಿಳಿದ. ಜುಟ್ಟಿದ್ದ ಕಾಯನ್ನು ಹಣೆಗೊತ್ತಿ ದೂರಕ್ಕೆ ಬಿಟ್ಟ. ಎಲ್ಲರೂ ಕೈ ಮುಗಿದು ಕಣ್ಣು ಮುಚ್ಚಿದ್ದರು. ಕಣ್ಣು ಬಿಟ್ಟಾಗ ನನ್ನ ಪಾದದ ಬಳಿ ಕಾಯಿ ಇತ್ತು, ಅದರ ಪಕ್ಕ ಮೇಜರ್ ಬಿಸ್ಕತ್ತಿಗಾಗಿ ಕೂತಿತ್ತು.

‘ಕಡಲು ತಕಣಲಿಲ್ಲ’ ಎಂದ ಕಾಶಿ.

ತುಳಸಿದಾಸ ನೀರಿನಿಂದ ಮೇಲೆ ಬಂದು ಹೆಗಲ ಮೇಲಿನ ಅಂಗಿ ತೆಗೆದು ತೊಟ್ಟುಕೊಂಡ. ಗುಂಡಿ ಹಾಕತೊಡಗಿದ. ‘ರಾತ್ರಿಗೆ ಗ್ರಹಣ ಬೇರೆ ಅದೆ. ಈ ವರ್ಷ ಬ್ಯಾಡಾ ಮಾದೇವಕ್ಕಾ. ನಮ್ಗೂ ಮನೆ ಮಕ್ಳು ಅವ್ರೆ.’

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಮಾದೇವಕ್ಕ ನನ್ನ ಕಡೆ ನೋಡಲೂ ಇಲ್ಲ. ಕಾಯನ್ನು ಎತ್ತಿಕೊಂಡಳು.

‘ತುಳಸೀದಾಸಾ, ದೇವಸ್ಥಾನದಾಗೆ ಕಾಯಿ ಕೊಟ್ರೆ ಭಟ್ರು ಎಂತಾ ಮಾಡ್ತ್ರು?’

‘ಒಡೀತ್ರು.’

‘ಮತ್ತೆ?’

‘ಅರ್ಧಾ ವಾಪಸ್ ಕೊಡ್ತ್ರು.’

‘ದೇವ್ರಿಗೆ ಬ್ಯಾಡಾ ಅಂತಾ ಕೊಡ್ತ್ರಾ?’

ತುಳಸಿದಾಸನ ಕೈ ಮೂರನೇ ಗುಂಡಿಯ ಬಳಿ ನಿಂತಿತು. ‘ಅದು ಪ್ರಸಾದ.’

‘ಭಟ್ರು ಅರ್ಧಾ ಇಟ್ಕಂತ್ರು. ಕಡಲು ಇಡೀ ಕಾಯೇ ಕೊಟ್ಟದೆ. ಅದಿಕ್ಕೆ ನೀನು ಅಂಗಿ ಹಾಕಂತ್ಯಾ?’

‘ನಾಯಿ ಬಾಯಾಗೆ ಬಂದದ್ಯಲೇ ಅಕ್ಕಾ’ ಎಂದ ಕಾಶಿ.

‘ನಿಮ್ಮನೆ ಗೋಡೆ ಮೇಲೆ ದತ್ತಗುರು ಪಟ ಅದ್ಯಲೋ ಕಾಶಿ. ಕಾಲ ಹತ್ರ ನಾಕು ಅವ್ಯಲ, ಅವು ಎಂತಾ, ಆಡಾ?’

ಮಾದೇವಕ್ಕ ಎಲ್ಲರಿಗೂ ಬೆನ್ನು ಹಾಕಿ ಕಲ್ಲಿಗೆ ಕಾಯಿ ಒಡೆದಳು. ಅವಳ ಪಕ್ಕದಲ್ಲಿದ್ದದ್ದು ನಾನೂ ನಾಯಿಯೂ ಮಾತ್ರ. ಕಾಯಿ ಹೋಳಾದ ಕೂಡಲೇ ಅವಳು ಮೂಗಿಗೆ ಹಿಡಿದು ಮೂಸಿದ್ದನ್ನೂ, ಹಿಡಿದಿದ್ದ ಉಸಿರು ಬಿಟ್ಟದ್ದನ್ನೂ ನಾವಿಬ್ಬರೇ ಕಂಡೆವು. ಕಾಯಿ ಕೆಟ್ಟಿರಲಿಲ್ಲ. ಆಮೇಲೆ ತಿರುಗಿದಳು.

‘ಅಗಾ, ಹಾಲಿನ ಹಂಗೆ ಅದೆ. ಇನ್ನೆಂತಾ ಬೇಕು?’

ಅರ್ಧ ಹೋಳನ್ನು ತಾನೇ ನೀರಿಗಿಳಿದು ಕಡಲಿಗೆ ಬಿಟ್ಟಳು. ಆಗ ನಾನು ಮೇಜರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮರಳಿನಲ್ಲಿ ಮಲಗಿಬಿಟ್ಟಿದ್ದೆ. ಅದು ನನ್ನನ್ನು ನಾಲ್ಕು ಮಾರು ಎಳೆದು ಸುಮ್ಮನಾಯಿತು. ಉಳಿದರ್ಧವನ್ನು ಹೊನ್ನಣ್ಣ ಚೂರಿಯಲ್ಲಿ ತುಂಡು ಮಾಡಿದ. ತುಳಸಿದಾಸ ಚೂರನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ. ಪ್ರಸಾದವೆಂದು ಕೈಗೆ ಬಿದ್ದದ್ದನ್ನು ಎಸೆಯುವಂತಿಲ್ಲ. ತಿಂದ. ಅವನು ತಿಂದದ್ದು ನೋಡಿ ಮೂವರೂ ತಿಂದರು. ಅಗಿಯುತ್ತಲೇ ಅವನು ಗುಂಡಿ ಬಿಚ್ಚಿದ.

‘ಗ್ರಹಣದ ಸ್ನಾನ ಮುಗ್ಸಿ ಬೆಳಿಗ್ಗೆ ಹೋಗ್ವಾ’ ಎಂದ.

ಭಾನುವಾರ ಬೆಳಗ್ಗೆ ನಾನು ಬಸ್ಸಿಗೆ ಹೊರಡುವಾಗ ಹಸಿರು ದೋಣಿ ಹೋಗಿ ಎರಡು ತಾಸಾಗಿತ್ತು. ಮಾದೇವಕ್ಕ ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಮಳೆಯಲ್ಲಿ ದೋಣಿ ಕಾಣುತ್ತಿರಲಿಲ್ಲ, ಆದರೂ ಅತ್ತಲೇ ನೋಡುತ್ತಿದ್ದಳು. ಹಿಂದಿನ ದಿನದಿಂದ ನನ್ನ ನಾಲಿಗೆ ತುದಿಯಲ್ಲಿದ್ದದ್ದನ್ನು ಕೇಳಬಾರದಿತ್ತು, ಕೇಳಿದೆ.

‘ಅಕ್ಕಾರ, ಖರೇ ಹೇಳ್ರಿ. ಕಡಲಿಗೆ ಆ ಕಾಯಿ ಖರೇನ ಬ್ಯಾಡಾಗಿದ್ರ?’

ಅವಳು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು.

‘ಬ್ಯಾಡಾದ್ರೆ ಬಿಡ್ಲಿ ತಮಾ. ಕಾಯಿ ಬೇಕೋ ಬ್ಯಾಡ್ವೋ ಅದು ಕಡಲಿನ ಖುಷಿ. ನಂಗೆ ಮೀನು ಬೇಕು.’