ಸೂರ್ಯನಾರಾಯಣರ ನ್ಯೂಯಾರ್ಕಿಗೆ ಬಂದ ಮಲೇಷ್ಯಾದ ಗೋಪುರ

ನ್ಯೂಯಾರ್ಕಿಗೆ ರೈಲಿನ ದೂರದಲ್ಲಿರುವ ಎಡಿಸನ್ನಿನ ಕನ್ನಡಿಗರ ಮನೆಗಳಿಗೆ ಬೇಸಿಗೆಯಲ್ಲಿ ಬರುವ ಅಪ್ಪ ಅಮ್ಮಂದಿರಿಗೆ ನ್ಯೂಯಾರ್ಕ್ ತೋರಿಸುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ಸೂರ್ಯನಾರಾಯಣರದು. ಯಾರೂ ನೇಮಿಸಿದ್ದಲ್ಲ, ಆದ್ದರಿಂದ ಯಾರೂ ತೆಗೆಯುವಂತೆಯೂ ಇರಲಿಲ್ಲ. ಶನಿವಾರ ಎಂಟೂವರೆಗೆ ಅವರು ಮೆಟುಚೆನ್ ಸ್ಟೇಷನ್ನಿನಲ್ಲಿ ನಿಂತರೆ ಹತ್ತು ಹನ್ನೆರಡು ಹಿರಿಯರು ಮೊಸರನ್ನದ ಡಬ್ಬಿ ಹಿಡಿದು ಹಿಂದೆ ಸೇರುತ್ತಿದ್ದರು. ಮ್ಯಾನ್‌ಹಟ್ಟನ್ನಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನತ್ತ ಬೆರಳು ತೋರಿಸಿ, “ಸಾವಿರದ ಏಳುನೂರ ಎಪ್ಪತ್ತಾರು ಅಡಿ, ಅದರಲ್ಲಿ ತುದಿಯ ಕಡ್ಡಿಯೇ ನಾನೂರ ಎಂಟು” ಎನ್ನುವಾಗ, ಇಟ್ಟಿಗೆ ಹೊತ್ತವರು ಇವರೇ ಇರಬೇಕು ಅನ್ನಿಸುತ್ತಿತ್ತು. ನಿಜಕ್ಕೆ ಅವರು ಇನ್ಶೂರೆನ್ಸ್ ಕಚೇರಿಯೊಂದರ ಎರಡನೇ ಮಹಡಿಯಲ್ಲಿ ಕೂತು ರಿಟೈರ್ ಆದವರು. ಅವರೊಂದಿಗೆ ತಿರುಗಿದವರ ಕತ್ತು ಊರಿಗೆ ಹೋದ ಮೇಲೂ ಆರು ತಿಂಗಳು ಕೆಳಗಿಳಿಯುತ್ತಿರಲಿಲ್ಲ. ಜಯನಗರದಲ್ಲಿ ಒಬ್ಬರು ಹಾಗೆಯೇ ನಡೆದು ಕಡಲೆಕಾಯಿ ಗಾಡಿಗೆ ಗುದ್ದಿದ್ದರು.

ಈ ಬೇಸಿಗೆ ಧಾರವಾಡದ ಅಮರೇಶ್ವರ ತಮ್ಮ ಮಗಳು ನೀತಾಳ ಮನೆಗೆ ಬಂದರು. ಕ್ವಾಲಾಲಂಪುರದಲ್ಲಿ ಒಂಬತ್ತು ವರ್ಷ ಎತ್ತರದ ಕಟ್ಟಡಗಳಿಗೆ ಗಾಜು ಕೂರಿಸಿದ ಎಂಜಿನಿಯರು. ಕನ್ನಡ ಸಂಘದವರು ಅವರಿಂದ ಫೋಟೋ ಪ್ರದರ್ಶನ ಏರ್ಪಡಿಸಿದರು. ಮೊದಲು ಪೆಟ್ರೋನಾಸ್ ಜೋಡಿ ಗೋಪುರ ಬಂತು, ಎಂಬತ್ತೆಂಟು ಮಹಡಿ. ಸೂರ್ಯನಾರಾಯಣರು ಅದನ್ನು ಹೇಗೋ ನುಂಗಿಕೊಂಡರು. ಆಮೇಲೆ ಅದೇ ಊರಿನ ಮೆರ್ಡೆಕಾ ಗೋಪುರ ಬಂತು: ನೂರ ಹದಿನೆಂಟು ಮಹಡಿ, ಎರಡು ಸಾವಿರದ ಇನ್ನೂರು ಅಡಿಗೂ ಮೇಲೆ. ಸಭೆಯವರು ತೆರೆದ ಬಾಯಿಯಲ್ಲಿ ಒಂದು ಶಾಲೆ ಬಸ್ಸು ತಿರುಗಿಸಬಹುದಿತ್ತು.

ಮೈಸೂರಿನ ಪುಟ್ಟಸ್ವಾಮಿ, ಹಿಂದಿನ ಶನಿವಾರವಷ್ಟೇ ನ್ಯೂಯಾರ್ಕ್ ನೋಡಿ ಬಂದವರು, ಸೂರ್ಯನಾರಾಯಣರತ್ತ ತಿರುಗಿ ಕೇಳಿದರು: “ಅಲ್ಲ ಸಾರ್, ನೀವು ತೋರ್ಸಿದ್ದು ಇದರ ಎದೆಮಟ್ಟಕ್ಕೆ ಬರುತ್ತೆ ಅಷ್ಟೇ ಅಲ್ವಾ?”

ಸೂರ್ಯನಾರಾಯಣರ ಕಿವಿ ಕೆಂಪಾಯಿತು. ಎದ್ದು ನಿಂತು, “ತುದೀಲಿರೋ ಕಡ್ಡಿ ಲೆಕ್ಕಕ್ಕೆ ತಗೋಬಾರ್ದು. ಕಡ್ಡಿ ನೆಟ್ರೆ ನಮ್ಮನೆ ಗ್ಯಾರೇಜೂ ಎತ್ತರವೇ” ಎಂದರು.

“ಖರೆ ಅದರಿ ಸರ,” ಎಂದರು ಅಮರೇಶ್ವರ, ಬಲು ಸೌಮ್ಯವಾಗಿ. “ಕಡ್ಡಿ ತಗದ್ರೂ ನಮ್ಮದು ಹದಿನಾರನೂರು ಅಡಿ ದಾಟತದ. ನಿಮ್ಮದರ ಕಡ್ಡಿ ತಗದ್ರ ಎಷ್ಟ ಉಳೀತದ್ರಿ?”

ನಾನೂರ ಎಂಟನ್ನು ಸೂರ್ಯನಾರಾಯಣರೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದರಲ್ಲ. ಇಡೀ ಸಭೆ ಮನಸ್ಸಿನಲ್ಲೇ ಕಳೆದು, ಸಾವಿರದ ಮುನ್ನೂರ ಅರವತ್ತೆಂಟಕ್ಕೆ ಬಂದು ನಿಂತಿತು.

ಮುಂದಿನ ಶನಿವಾರ ಹನ್ನೊಂದು ಮಂದಿಗೆ ಒಂದೇ ಬೆಳಿಗ್ಗೆ ಮಂಡಿ ನೋವು ಬಂತು. ಸ್ಟೇಷನ್ನಿಗೆ ಬಂದವರು ಒಬ್ಬರೇ, ಅಮರೇಶ್ವರ. ನ್ಯೂಯಾರ್ಕ್ ನೋಡೇ ಇಲ್ಲ, ನೀವೇ ತೋರಿಸಬೇಕು ಎಂದರು. ಸೂರ್ಯನಾರಾಯಣರು ಒಪ್ಪಿದರು, ಆದರೆ ಈ ಮನುಷ್ಯನ ಕಣ್ಣಿಗೆ ಒಂದು ಕಟ್ಟಡವನ್ನೂ ಬೀಳಿಸುವುದಿಲ್ಲವೆಂದು ರೈಲಿನಲ್ಲೇ ನಿಶ್ಚಯಿಸಿದರು. ಕಟ್ಟಡ ಕಂಡರೆ ತಾನೆ ಹೋಲಿಕೆ?

ಪೆನ್ ಸ್ಟೇಷನ್ನಿನಲ್ಲಿ ಇಳಿದವರೇ ನೇರ ಸಬ್‌ವೇಗೆ ಇಳಿಸಿದರು. ಸಂಜೆಯವರೆಗೂ ನೆಲದಡಿಯಲ್ಲೇ ಒಂದು ರೈಲಿನಿಂದ ಇನ್ನೊಂದಕ್ಕೆ. ನೂರು ವರ್ಷದ ಗೋಡೆಯ ಟೈಲ್ಸು, ಕಬ್ಬಿಣದ ಕಂಬ, ಎಮ್ಮೆಕರುವಿನಷ್ಟು ಇಲಿಗಳು, ಎಲ್ಲವನ್ನೂ ತೋರಿಸಿದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆಯೇ ಊಟ. ಮೇಲೆ ಹೋಗೋಣವೇ ಎಂದು ಅಮರೇಶ್ವರ ಎರಡು ಸಲ ಕೇಳಿದರು. ಮೇಲೆ ವಿಪರೀತ ಬಿಸಿಲು ಎಂದು ಇವರು ತಡೆದರು.

ಅಮರೇಶ್ವರ ಮುನ್ನೂರು ಫೋಟೋ ತೆಗೆದರು. ಮರುದಿನ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿ, ಇಂಥ ಅದ್ಭುತ ಮಲೇಷ್ಯಾದಲ್ಲೂ ಇಲ್ಲ, ಸೂರ್ಯನಾರಾಯಣ ಸರ್ ಕೃಪೆ ಎಂದು ಬರೆದರು. ಹೊಗಳಿಕೆ ಓದಿ ಇವರಿಗೆ ಹೊಟ್ಟೆ ತಣ್ಣಗಾಗಬೇಕಿತ್ತು. ಆದರೆ ಸಂಜೆಯೊಳಗೆ ಆ ಹನ್ನೊಂದು ಮಂಡಿಗಳೂ ವಾಸಿಯಾಗಿ, ನೆಲದಡಿಯ ನ್ಯೂಯಾರ್ಕ್ ತೋರಿಸಿ ಎಂದು ಅಮರೇಶ್ವರರ ಬೆನ್ನು ಹತ್ತಿದ್ದವು.

ಈಗ ಶನಿವಾರ ಎಂಟೂವರೆಗೆ ಮೆಟುಚೆನ್ನಿನಲ್ಲಿ ಮುಂದೆ ನಿಲ್ಲುವವರು ಅಮರೇಶ್ವರ. ಸಾಲಿನ ಕೊನೆಯಲ್ಲಿ ಸೂರ್ಯನಾರಾಯಣರಿರುತ್ತಾರೆ. ಯಾಕೆ ಸಾರ್ ಎಂದು ಅದೇ ಸಾಲಿನಲ್ಲಿದ್ದ ನಾನು ಕೇಳಿದೆ.

“ಆತ ತಪ್ಪು ಹೇಳಿದ್ರೆ ತಿದ್ದೋಕೆ ಯಾರಾದ್ರೂ ಬೇಡ್ವೇನ್ರಿ?” ಎಂದರು. ನಾಲ್ಕು ಶನಿವಾರವಾಯಿತು. ಆತ ಇನ್ನೂ ತಪ್ಪು ಹೇಳಿಲ್ಲ.