ತುಂಬೆ ಕೀಳಿಸಿದ್ದು ನಾನು

ಸವಣೂರು ಇನ್ನೂ ಸಂಸ್ಥಾನವಾಗಿದ್ದ ಕಾಲ. ಗಂಡ ತೀರಿಕೊಂಡ ಮೇಲೆ ನಮ್ಮ ಅಕ್ಕ ಬಂಕಾಪುರದ ನಮ್ಮ ಮನೆಯಲ್ಲಿಯೇ ಇದ್ದಳು. ದಿನಾಲು ಸ್ನಾನ ಮಾಡಿ, ಹಿತ್ತಲಲ್ಲಿ ತುಂಬೆ ಹೂ ಬಿಡಿಸಿಕೊಂಡು ಲಿಂಗಪೂಜೆ ಮುಗಿಸುವವರೆಗೆ ನೀರು ಸಹ ಮುಟ್ಟುತ್ತಿರಲಿಲ್ಲ. ಹೂವನ್ನು ಗಿಡದಿಂದ ತಾನೇ ಬಿಡಿಸಬೇಕು, ಬೇರೆಯವರು ತಂದುಕೊಟ್ಟರೆ ಆಗದು. ಅದು ಅವಳ ನೇಮ. ತುಂಬೆ ಎಂದರೆ ಯಾರೂ ಹಚ್ಚದೆ ತಾನೇ ಹುಟ್ಟುವ, ಮೊಣಕಾಲೆತ್ತರದ, ಬಿಳಿ ಹೂವಿನ ಗಿಡ. ನೋಡಲು ಕಸದ ಹಾಗೆಯೇ ಇರುತ್ತದೆ.

ನನ್ನ ಮದುವೆಯ ಮಾತಿಗೆ ಚಿಕ್ಕೇರೂರಿನಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಕೈಕಾಲು ತೊಳೆಯಲು ಅವರು ಕಸ ಬೆಳೆದ ಹಿತ್ತಲಿಗೆ ಹೋದರೆ ಮರ್ಯಾದೆ ಉಳಿಯುವಂತಿರಲಿಲ್ಲ. ಸವಣೂರಿನಿಂದ ಒಬ್ಬ ಮಾಲಿಯನ್ನು ಕರೆಸಿದೆ. ಹಿತ್ತಲು ಹಸನು ಮಾಡಿ, ಮುಂದೆ ವಾರಕ್ಕೊಮ್ಮೆ ಬಂದು ನೋಡಿಕೊಳ್ಳಬೇಕೆಂದು ಮಾತಾಯಿತು. ಅವನಿಗೆ ನಮ್ಮ ಅಪ್ಪನ ವಯಸ್ಸು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೂ ಓದಿದವನಲ್ಲ. ಗಿಡಗಳ ವಿಷಯ ಅದಕ್ಕಿಂತ ಕಡಿಮೆ ಗೊತ್ತು. ಕೆಲಸ ಹಿಡಿದ ಗಳಿಗೆಯಲ್ಲಿಯೇ, ನಾನು ಬದನೆ ಎಂದು ಉಳಿಸಲು ಹೇಳಿದ ಸಸಿ ವಿಷದ ಮದ್ದುಗುಣಿಕೆ ಎಂದು ತೋರಿಸಿಕೊಟ್ಟಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನಿಂತ.

"ಇದು ತುಂಬಿ ಐತ್ರಿ ಸಾವ್ಕಾರ್ರ. ಮನ್ಯಾಗ ಪೂಜಿಗೆ ಬೇಕೇನೋ, ಒಂದ ಮಾತ ಕೇಳ್ಕೊಂಡ ಬರ್ರಿ."

ಅಕ್ಕನ ನೇಮ ನನಗೆ ಗೊತ್ತಿರಲಿಲ್ಲವೆಂದಲ್ಲ. ಅವನಿಂದ ಇನ್ನೊಮ್ಮೆ ತಿದ್ದಿಸಿಕೊಳ್ಳಲು ಮನಸ್ಸಾಗಲಿಲ್ಲ.

"ಹಿತ್ತಲಾ ನಂದೋ ನಿಂದೋ? ಕಿತ್ತ ಒಗಿ," ಎಂದೆ.

ಕಿತ್ತ. ಬಹಳ ಚೊಕ್ಕ ಕೆಲಸ.

ಅಷ್ಟರಲ್ಲಿ ಅಕ್ಕ ಸ್ನಾನ ಮುಗಿಸಿ, ಹೂವಿನ ಬುಟ್ಟಿ ಹಿಡಿದು ಬಂದಳು.

"ನನ್ನ ತುಂಬಿ ಎಲ್ಲೋ?"

"ಬಿಡು ಅಂತ ಎರಡ ಸಲ ಹೇಳೇನಿ ಅಕ್ಕಾ. ಈ ಮಾಲಿಗೆ ಕಿವೀನ ಇಲ್ಲ."

ಅಕ್ಕ ಅವನ ಕಡೆ ತಿರುಗಿದಳು. "ಏನೋ ಎಪ್ಪಾ, ತಲಿ ಬೆಳ್ಳಗಾದ್ರೂ ತುಂಬಿ ಯಾವ್ದು ಕಸಾ ಯಾವ್ದು ತಿಳೀಲಿಲ್ಲೇನು ನಿನಗ?"

ಮಾಲಿ ನನ್ನ ಮುಖ ನೋಡಿದ. ನಾನು ಬಾವಿ ನೋಡಿದೆ.

"ತಪ್ಪಾತ್ರಿ ಅವ್ವಾರ," ಎಂದು ಬುಟ್ಟಿ, ಗುದ್ದಲಿ ತೆಗೆದುಕೊಂಡು ಊರಿನ ಹಳೆಯ ಕೋಟೆಯ ಕಡೆ ಹೋದ. ಅಲ್ಲಿಂದ ತುಂಬೆ ಗಿಡಗಳನ್ನು ಬೇರಿನ ಮಣ್ಣು ಸಮೇತ ಹೊತ್ತು ತಂದು, ನೆಟ್ಟು ನೀರು ಹಾಕುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಲ್ಲಿಯವರೆಗೆ ಅಕ್ಕ ಗುಟುಕು ನೀರೂ ಕುಡಿಯದೆ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಳು. ನಾನು ಎಂದಿನ ಹೊತ್ತಿಗೆ ಊಟ ಮಾಡಿದೆ.

"ಅಂವನ್ನ ಮತ್ತ ಹಿತ್ತಲದಾಗ ಬಿಡಬ್ಯಾಡ," ಎಂದಳು. ಬಿಡಲಿಲ್ಲ. ಮರುದಿನ ಬಂದ ಚಿಕ್ಕೇರೂರಿನವರು ಅಂಗಳದಲ್ಲಿಯೇ ಕಾಲು ತೊಳೆದುಕೊಂಡರು.

ಆಮೇಲೆ ಒಮ್ಮೆ ಸವಣೂರಿನ ಸಂತೆಯಲ್ಲಿ ಆ ಮಾಲಿ ಎದುರಾದ.

"ಅವ್ವಾರ ತುಂಬಿ ನೆಲಾ ಹಿಡದ್ವೇನ್ರಿ?"

"ಹಿಡದಾವು."

"ಹಂಗಾರ ವಾರಕ್ಕೊಮ್ಮಿ ಬರ್ಲೇನ್ರಿ?"

"ಅಕ್ಕ ಬ್ಯಾಡಂದಾಳ," ಎಂದೆ.

ಅವನು ತಲೆಯಾಡಿಸಿದ. ಅಕ್ಕನಿಗೆ ಶರಣು ತಿಳಿಸಲು ಹೇಳಿ ಹೋದ. ಅಕ್ಕ ಬದುಕಿರುವವರೆಗೂ ನಾನು ಆ ಶರಣನ್ನೂ ತಿಳಿಸಲಿಲ್ಲ, ಉಳಿದದ್ದನ್ನೂ ಹೇಳಲಿಲ್ಲ.