ಕಾರಿನ ಕೀ ಮತ್ತು ಇಂಗ್ಲೆಂಡಿನ ದೊರೆ

ಕಳೆದ ಶುಕ್ರವಾರ ಊಟದ ಹೊತ್ತಾದರೂ ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಯಾರಿಗೋ ಹುಷಾರಿಲ್ಲ ಎಂದಲ್ಲ, ಏಕಾದಶಿಯೂ ಅಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟಿನ ದೆಸೆಯಿಂದ.

ನಗಬೇಡಿ, ಹೇಳುತ್ತೇನೆ.

ನನ್ನ ಮಗ ಸುಧಾಕರನ ಫ್ಲ್ಯಾಟ್ ಮಸ್ಕತ್ತಿನ ಅಲ್ ಗುಬ್ರಾದಲ್ಲಿ. ಆಫೀಸಿಗೆ ಓಡಾಡಲು ಅವನಿಗೆ ಕಂಪೆನಿಯ ಗಾಡಿ ಇದೆ. ಸ್ವಂತ ಕಾರು ವಾರವಿಡೀ ಕೆಳಗೆ ಬಟ್ಟೆ ಹೊದ್ದು ಮಲಗಿರುತ್ತದೆ, ರಜೆಯ ದಿನ ಮಾತ್ರ ಏಳುತ್ತದೆ. ಸೊಸೆ ಮಲ್ಲಿಕಾಳಿಗೆ ರೂವಿಯ ಒಂದು ನರ್ಸರಿಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಶನಿವಾರ ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ. ಗಂಡನ ಆಫೀಸು ಇನ್ನೊಂದು ದಿಕ್ಕಿಗೆ. ಒಬ್ಬಳೇ ಟ್ಯಾಕ್ಸಿ ಹತ್ತಬಾರದೆಂಬುದೂ ಅವನದೇ ಕಾನೂನು. ಹಾಗಾಗಿ ಆ ಹುಡುಗಿ ಡ್ರೈವಿಂಗ್ ಕಲಿತಳು. ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತರುವ ಪರೀಕ್ಷೆಯಲ್ಲಿ (ಅದರಲ್ಲಿ ಗಂಡಸರೇ ಕಣ್ಣೀರಿಡುತ್ತಾರೆ) ಮೂರನೇ ಸಲಕ್ಕೆ ಪಾಸಾದಳು.

ಕಲಿಯಲು ಅಡ್ಡಿಯಿಲ್ಲ ಎಂಬ ಪತ್ರಕ್ಕೆ ಸಹಿ ಹಾಕಿದವನು ಇದೇ ಸುಧಾಕರ. ಈಗ ಕೀ ಕೇಳಿದರೆ?

"ಲೈಸೆನ್ಸ್ ಸಿಕ್ಕಿತಲ್ಲ, ಖಲಾಸ್. ಫ್ರೇಮ್ ಹಾಕಿಸಿ ಇಡು. ಆ ಟ್ರಾಫಿಕ್ಕಿನಲ್ಲಿ ನಿನ್ನಿಂದ ಆಗ್ಲಿಕ್ಕಿಲ್ಲ."

ಮಲ್ಲಿಕಾ ಶನಿವಾರಕ್ಕೆಂದು ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ಕಪಾಟಿನೊಳಗೆ ವಾಪಸು ಇಟ್ಟಳು. ನನಗೆ ಸಿಟ್ಟು ಬಂದದ್ದು ಆ ಸೀರೆ ಕಂಡು.

ಗುರುವಾರ ಸಂಜೆ ಒಂಬತ್ತನೇ ಕ್ಲಾಸಿನ ಮೊಮ್ಮಗಳು ದೀಪ್ತಿ ನನ್ನ ಪಕ್ಕ ಕೂತು ಹಿಸ್ಟರಿ ಓದುತ್ತಿದ್ದಳು.

"ಅಜ್ಜಿ, ಕಿಂಗ್ ಜಾನ್ ರೂಲ್ಸ್ ಪಾಲಿಸ್ತೇನೆ ಅಂತ ಮ್ಯಾಗ್ನಾ ಕಾರ್ಟಾಕ್ಕೆ ಸೀಲ್ ಒತ್ತಿದ. ಆಮೇಲೆ ಪೋಪ್ ಹತ್ರ ಹೇಳಿ ಕ್ಯಾನ್ಸಲ್ ಮಾಡಿಸಿದ. ವಾಟ್ ಎ ಚೀಟ್!"

"ನಿನ್ನ ಡ್ಯಾಡಿಗೆ ಪೋಪ್ ಕೂಡ ಬೇಕಾಗ್ಲಿಲ್ಲ ಮಗಾ," ಎಂದೆ.

ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಕಲಿಸಿದ ಸಿಸ್ಟರ್ ನೆನಪಾದರು. ಇಂಗ್ಲೆಂಡಿನ ದೊರೆಗಳನ್ನು ಪಳಗಿಸಿದ್ದು ಕತ್ತಿಯೊಂದೇ ಅಲ್ಲ, ಗರ್ಲ್ಸ್, ಎನ್ನುತ್ತಿದ್ದರು. ದೊರೆಗೆ ಯುದ್ಧಕ್ಕೆ ದುಡ್ಡು ಬೇಕು, ಪಾರ್ಲಿಮೆಂಟು ಒಪ್ಪದೆ ತೆರಿಗೆ ಎತ್ತುವಂತಿಲ್ಲ. ಮೊದಲು ನಮ್ಮ ಅಹವಾಲು ಕೇಳು, ಆಮೇಲೆ ನಿನಗೆ ದುಡ್ಡಿನ ಸಪ್ಲೈ! ನಾವು ಬೆಂಚಿನಲ್ಲಿ ಕೂತು ಅದನ್ನು ಬಾಯಿಪಾಠ ಮಾಡಿದ್ದೇ ಮಾಡಿದ್ದು.

ಅದೇ ಕಾನ್ವೆಂಟಿನಿಂದ ನನಗೂ ಒಮ್ಮೆ ಟೀಚರ್ ಕೆಲಸಕ್ಕೆ ಕಾಗದ ಬಂದಿತ್ತು. ನಮ್ಮವರು ಓದಿ, "ಬೇಡ" ಎಂದರು. ನಾನು ಕಾಗದವನ್ನು ಬಂದ ಮಡಿಕೆಯಲ್ಲೇ ಮಡಚಿಟ್ಟೆ. ಬಾಯಿಪಾಠವಿದ್ದು ಏನು ಬಂತು?

ಶುಕ್ರವಾರ ಬೆಳಿಗ್ಗೆ ಸುಧಾಕರ ಒಳ್ಳೆ ಅಂಜಲ್ ಮೀನು ತಂದ. ಮೀನು ಫ್ರಿಜ್ಜಿಗೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ನಾನು ಕೂತೆ. ಹನ್ನೆರಡೂವರೆಗೆ ದೊರೆಗಳು ಬಂದರು.

"ಎಂತ ಅಮ್ಮ, ಊಟ ಆಗ್ಲಿಲ್ವಾ?"

"ಕೀ ಉಂಟಾ?"

"ಓಹೋ! ನೀವು ಸೊಸೆ ಪಾರ್ಟಿಯಾ ಈಗ?"

"ನಾನು ಪಾರ್ಲಿಮೆಂಟ್ ಪಾರ್ಟಿ."

"ಡ್ಯಾಡಿ, ನೋ ಕೀ, ನೋ ಕರಿ!" ದೀಪ್ತಿ ಒಳಗಿನಿಂದ ಕೂಗಿದಳು.

"ಅಪ್ಪ ಇದ್ದಾಗ ನೀವು ಹೀಗೆ ಮಾಡಿದ್ದುಂಟಾ ಅಮ್ಮ?"

ಚುಚ್ಚಿತು. "ಮಾಡ್ಲಿಲ್ಲ ಮಾರಾಯ. ಅದಕ್ಕೇ ನೀನು ಹೀಗಾದದ್ದು."

ಜುಮ್ಮಾ ನಮಾಜಿನ ಹೊತ್ತು, ಸುತ್ತಲಿನ ಹೋಟೆಲುಗಳೂ ಮುಚ್ಚಿದ್ದವು. ಅವನು ಎರಡು ಸಲ ಫ್ರಿಜ್ಜು ತೆರೆದು ಹಸಿ ಮೀನಿನ ಮುಖ ನೋಡಿ ಬಂದ. ಒಂದೂವರೆಗೆ ಕೀ ಊಟದ ಮೇಜಿನ ಮೇಲೆ ಬಿತ್ತು. ಎರಡೂವರೆಗೆ ಅಂಜಲ್ ಮೀನಿನ ಪುಳಿಮುಂಚಿ ಅವನ ತಟ್ಟೆಗೆ ಬಿತ್ತು.

ಸಂಜೆ ಫೋನಿನಲ್ಲಿ ಸುದ್ದಿ ಕೇಳಿದ ನನ್ನ ಗೆಳತಿಯರು ಏನೆಂದರು ಗೊತ್ತೇ? "ಎಷ್ಟು ಒಳ್ಳೆ ಗಂಡ! ಕಾರನ್ನೇ ಕೊಟ್ಟನಂತೆ!" ಕೊಟ್ಟನೇ? ಅವಳು ಮೂರು ಸಲ ಕೊಟ್ಟ ಪರೀಕ್ಷೆ, ನನ್ನ ಎರಡು ಗಂಟೆಯ ಬೆನ್ನುನೋವು ಯಾರ ಲೆಕ್ಕಕ್ಕೂ ಇಲ್ಲವೇ?

ಶನಿವಾರ ಬೆಳಿಗ್ಗೆ ಮಲ್ಲಿಕಾ ಅದೇ ಸೀರೆ ಉಟ್ಟು ಹೋದಳು. ದೀಪ್ತಿಯ ಪುಸ್ತಕದಲ್ಲಿ ನಾನು ಮುಂದಿನ ಅಧ್ಯಾಯ ತಿರುವಿದೆ. ಪಾರ್ಲಿಮೆಂಟೇ ಬೇಡವೆಂದು ಹನ್ನೊಂದು ವರ್ಷ ಆಳಿದ ಚಾರ್ಲ್ಸ್ ದೊರೆಯ ತಲೆ ಕೊನೆಗೆ ಹೋಯಿತು. ಅದಾಗಿ ಹನ್ನೊಂದೇ ವರ್ಷ, ಅದೇ ಜನ ಅವನ ಮಗನನ್ನು ಕರೆತಂದು, ಗಂಟೆ ಬಾರಿಸಿ ಪಟ್ಟ ಕಟ್ಟಿದರು! ಆ ಮಗನ ತಮ್ಮನ ಕಾಲಕ್ಕೆ ಮತ್ತೆ ಅದೇ ರಗಳೆ. ಅವನು ಓಡಿಹೋದ ಮೇಲಷ್ಟೇ ಜನರಿಗೆ ಬುದ್ಧಿ ಬಂದು, ಷರತ್ತುಗಳನ್ನು ಓದಿ ಹೇಳಿ ಹೊಸಬರಿಗೆ ಕಿರೀಟ ಕೊಟ್ಟದ್ದು. ತಲೆ ತೆಗೆದ ದೊರೆಯ ಮಗನನ್ನೇ ಏಕೆ ಕರೆತಂದರು ಎಂದು ಹುಡುಗಿಯಾಗಿದ್ದಾಗ ನಾನು ಸಿಸ್ಟರನ್ನು ಕೇಳಿದ್ದೆ. "ಹ್ಯಾಬಿಟ್, ಮೈ ಚೈಲ್ಡ್," ಎಂದಿದ್ದರು. ಇಂಥದ್ದೂ ಒಂದು ಉತ್ತರವೇ ಎಂದು ಆಗ ಮೂಗು ಮುರಿದಿದ್ದೆ.

ಮಧ್ಯಾಹ್ನ ಮಲ್ಲಿಕಾ ಬಂದಳು. ಮುಖ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು. "ಅತ್ತೆ, ರೌಂಡ್‌ಅಬೌಟಿನಲ್ಲಿ ಒಂದೇ ಸಲ ಹಾರ್ನ್ ತಿಂದದ್ದು!" ಊಟಕ್ಕೆ ಬಂದಿದ್ದ ಸುಧಾಕರ ಸೋಫಾದಲ್ಲಿದ್ದ. ಅವಳು ಚಪ್ಪಲಿ ಬಿಟ್ಟಳು, ನಗುತ್ತಲೇ ನೆಟ್ಟಗೆ ಅವನ ಬಳಿ ಹೋದಳು, ಕೀಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಟಿವಿಯಿಂದ ಕಣ್ಣು ತೆಗೆಯದೆ ಕಿಸೆಗೆ ಹಾಕಿಕೊಂಡ.

ಕೀ ವಾಪಸು ಕೇಳಿದವರು ಯಾರು? ಯಾರೂ ಇಲ್ಲ!

ನಾನು ಎದ್ದು ಹೋಗಿ ಮಗನೆದುರು ಕೈ ಚಾಚಿ ನಿಂತೆ. ಅವನು ಪಾಪ, ಅರ್ಥವಾಗದೆ ನೀರಿನ ಲೋಟ ಕೊಟ್ಟ.

ದೊರೆಗಳು ಕಿತ್ತುಕೊಳ್ಳುವುದು ಹಾಗಿರಲಿ, ನಾವೇ ಏಕೆ ಕೊಂಡುಹೋಗಿ ಕೊಡುತ್ತೇವೆ?